ಖಾಲಿ ಬಿಟ್ಟ ಕಾಲಂಗೂ ತಪಾಸಣೆ ಇರಲಿ

ಇಮೇಲ್ ಕಾಲಂಗೆ ವ್ಯಾಲಿಡೇಶನ್ ಹಾಕಿದ್ದಾಯಿತು, ಇನ್ನು ನಿಶ್ಚಿಂತೆ ಅಂದುಕೊಳ್ಳಬೇಡಿ. ಜಾವಾದ ಬೀನ್ ವ್ಯಾಲಿಡೇಶನ್‌ನಲ್ಲಿ 'ಇಮೇಲ್', 'ಸೈಜ್' ನಿಯಮಗಳು ನಲ್ ಬಂದರೆ ತಕರಾರಿಲ್ಲದೆ ಒಳಗೆ ಬಿಡುತ್ತವೆ. ಕಡ್ಡಾಯವಾಗಬೇಕಾದರೆ 'ನಾಟ್‌ನಲ್' ಅನ್ನು ನೀವೇ ಸೇರಿಸಬೇಕು. ಅದಾದರೂ ಖಾಲಿ ಸ್ಟ್ರಿಂಗನ್ನು ತಡೆಯದು. 'ನಾಟ್‌ಎಂಪ್ಟಿ' ಹಾಕಿದರೆ ಬರೀ ಸ್ಪೇಸ್ ಒತ್ತಿದವರು ನುಸುಳುತ್ತಾರೆ. ಹೆಸರು, ವಿಳಾಸದಂಥ ಪಠ್ಯಕ್ಕೆ 'ನಾಟ್‌ಬ್ಲಾಂಕ್' ಹಾಕಿ, ಈ ಮೂರನ್ನೂ ಅದೊಂದೇ ತಡೆಯುತ್ತದೆ.

ಜಾವಾಸ್ಕ್ರಿಪ್ಟ್‌ನದು ಬೇರೆಯೇ ಕಿತಾಪತಿ. ಖಾಲಿ ಸ್ಟ್ರಿಂಗನ್ನು 'ನಂಬರ್' ಫಂಕ್ಷನ್‌ಗೆ ಕೊಟ್ಟರೆ 0 ಬರುತ್ತದೆ. ಸಾಲದ ಬಾಕಿ ಎಷ್ಟೆಂದು ಬರೆಯದೆ ಬಿಟ್ಟವನೂ, ಬಾಕಿಯೇ ಇಲ್ಲದವನೂ ಡೇಟಾಬೇಸಿನಲ್ಲಿ ಒಂದೇ ಆಗಿಬಿಡುತ್ತಾರೆ. ಮೊದಲು ಟ್ರಿಮ್ ಮಾಡಿ, ಖಾಲಿಯೇ ಎಂದು ನೋಡಿ, ಆಮೇಲಷ್ಟೇ ಸಂಖ್ಯೆಗೆ ಬದಲಿಸಿ.

ಹಾಗಂತ ಎಲ್ಲ ಕಾಲಂಗೂ ಕೆಂಪು ನಕ್ಷತ್ರ ಅಂಟಿಸಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಎಂಬುದೇ ಇಲ್ಲ. ಕಡ್ಡಾಯ ಮಾಡಿದರೆ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ (ಪಾಪ, ಇನ್ನೇನು ಮಾಡಿಯಾರು!). ಆ ಸುಳ್ಳು ಚುಕ್ಕಿಗಿಂತ ನಲ್ ಎಷ್ಟೋ ವಾಸಿ. ಸರ್‌ನೇಮ್ ಕಾಲಂ ಐಚ್ಛಿಕವಾಗಿಯೇ ಇರಲಿ.