ಮರುಭೂಮಿಯ ಪರಿಹಾರ ಕಾಮಗಾರಿ: ಕೂಲಿಯ ಲೆಕ್ಕ, ಚಿತ್ರದ ಲೆಕ್ಕ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ 1929ರ ಮಹಾ ಆರ್ಥಿಕ ಕುಸಿತದ ವಿಷಯ ಬರುತ್ತದೆ. 1929ರಿಂದ 1933ರ ಒಳಗೆ ಅಮೆರಿಕದಲ್ಲಿ ನಿರುದ್ಯೋಗ ಶೇ. 3ರಿಂದ ಶೇ. 25ಕ್ಕೆ ಏರಿತು ಎಂದು ಓದುತ್ತೇವೆ. 1936ರಲ್ಲಿ ಕೇನ್ಸ್ ಅವರ ಪುಸ್ತಕ ಪ್ರಕಟವಾಯಿತು ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಕೆಲಸ ಕಳೆದುಕೊಂಡ ಜನರಿಗೆ ಸರ್ಕಾರ ಕೊಟ್ಟ ಕೆಲಸ ಯಾವುದು, ಅದರಲ್ಲಿ ಇಂದು ಏನು ಉಳಿದಿದೆ ಎಂಬುದು ಪಾಠದಲ್ಲಿ ಇಲ್ಲ. ಅದನ್ನು ತಿಳಿಯಲು ಅಮೆರಿಕದ ನೈಋತ್ಯ ಭಾಗದ ಮರುಭೂಮಿಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಕಾರ್ಖಾನೆಗಳು ಕಡಿಮೆ, ಬೆಳೆಯೂ ಕಡಿಮೆ. ಆದ್ದರಿಂದ ಸರ್ಕಾರದ ದುಡ್ಡು ಯಾರ ಕೈಗೆ ಹೋಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಯೋಜನೆಗಳು

ರೂಸ್‌ವೆಲ್ಟ್ 1933ರ ಮಾರ್ಚ್‌ನಲ್ಲಿ ಅಧ್ಯಕ್ಷರಾದರು. ಅದೇ ವರ್ಷ ಸಿಸಿಸಿ ಎಂಬ ಯೋಜನೆ ಶುರುವಾಯಿತು. ಬಡ ಕುಟುಂಬದ ಅವಿವಾಹಿತ ಯುವಕರು ಶಿಬಿರಗಳಲ್ಲಿದ್ದು ಕೆಲಸ ಮಾಡಬೇಕು. ಕೂಲಿ ತಿಂಗಳಿಗೆ 30 ಡಾಲರ್. ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1935ರಲ್ಲಿ ಹ್ಯಾರಿ ಹಾಪ್ಕಿನ್ಸ್ ಅವರ ನೇತೃತ್ವದಲ್ಲಿ ಡಬ್ಲ್ಯುಪಿಎ ಬಂತು. 1943ರವರೆಗೆ ಅದರಲ್ಲಿ ಸುಮಾರು 85 ಲಕ್ಷ ಜನ ಕೆಲಸ ಮಾಡಿದರು.

ಮನೆಗೆ ಹೋದ ಆ 25 ಡಾಲರ್ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಕಿರಾಣಿ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ರೈತನಿಗೆ. ಪ್ರತಿಯೊಬ್ಬರೂ ಬಂದ ಆದಾಯದಲ್ಲಿ ಶೇ. 80 ಖರ್ಚು ಮಾಡುತ್ತಾರೆ ಎಂದು ಇಟ್ಟುಕೊಂಡರೆ ಗುಣಕ 5. ನಾವು ಬೋರ್ಡ್ ಮೇಲೆ ಮಾಡುವ ಲೆಕ್ಕ ಇದೇ.

ಇಟ್ಟಿಗೆಯ ಲೆಕ್ಕ

ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್‌ನಲ್ಲಿ ಜಿಪ್ಸಮ್‌ನ ಬಿಳಿ ಮರಳು ದಿಬ್ಬಗಳಿವೆ. ಅಲ್ಲಿ ಪ್ರವಾಸಿಗರಿಗಾಗಿ ಡಬ್ಲ್ಯುಪಿಎ ಕಾರ್ಮಿಕರು 1936ರಿಂದ 1938ರ ನಡುವೆ ಒಂದು ಕಟ್ಟಡ ಕಟ್ಟಿದರು. ಗೋಡೆಗೆ ಬಳಸಿದ್ದು ಅಡೋಬಿ, ಅಂದರೆ ಮಣ್ಣು, ಹುಲ್ಲು ಕಲಸಿ ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಈ ಪದದ ಮೂಲ ಅರಬ್ಬಿಯ 'ತೂಬ್', ಅಂದರೆ ಇಟ್ಟಿಗೆ. ಅರಬ್ಬಿಯಿಂದ ಸ್ಪ್ಯಾನಿಷ್‌ಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ತಲುಪಿತು. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಂತೆ ಇಂಥ ದಪ್ಪ ಗೋಡೆ ಹಗಲಿನ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಉಕ್ಕು ಮತ್ತು ಸಿಮೆಂಟಿನಲ್ಲಿ ಕಟ್ಟಿದ್ದರೆ ಖರ್ಚಿನ ದೊಡ್ಡ ಪಾಲು ದೂರದ ಕಾರ್ಖಾನೆಗೆ ಹೋಗುತ್ತಿತ್ತು. ಮಣ್ಣಿಗೆ ಬೆಲೆ ಕಡಿಮೆ, ಅದನ್ನು ಇಟ್ಟಿಗೆ ಮಾಡುವ ಕೈಗೆ ಕೂಲಿ ಕೊಡಬೇಕು. ಹೀಗಾಗಿ ಖರ್ಚಿನ ಹೆಚ್ಚು ಭಾಗ ಸ್ಥಳೀಯರ ಮನೆಗೇ ಬಂತು. ಕೆತ್ತಿದ ಮರ, ತಗಡಿನ ದೀಪಗಳನ್ನೂ ಕೈಕೆಲಸದವರೇ ಮಾಡಿದರು. ನಮ್ಮ ದೇಶದ 2005ರ ಉದ್ಯೋಗ ಖಾತರಿ ಕಾಯಿದೆಯೂ ಇದೇ ಕಾರಣಕ್ಕೆ ಕೂಲಿ ಮತ್ತು ಸಾಮಗ್ರಿ ವೆಚ್ಚದ ಪ್ರಮಾಣ 60:40 ಇರಬೇಕು ಎಂದು ಹೇಳಿತು.

ಚಿತ್ರದ ಲೆಕ್ಕ

ಜನ ಹಸಿದಿರುವಾಗ ಸರ್ಕಾರ ಚಿತ್ರ ಬರೆಸಬೇಕೇ? ಆಗಲೂ ಈ ಪ್ರಶ್ನೆ ಬಂತು, ದುಡ್ಡು ದಂಡ ಎಂದು ಟೀಕೆ ಆಯಿತು. ಕಲಾವಿದರೂ ಎಲ್ಲರಂತೆ ಊಟ ಮಾಡಬೇಕಲ್ಲ ಎಂಬುದು ಹಾಪ್ಕಿನ್ಸ್ ಅವರ ಉತ್ತರ. 1933ರ ಡಿಸೆಂಬರ್‌ನಿಂದ 1934ರ ಜೂನ್‌ವರೆಗೆ ನಡೆದ ಮೊದಲ ಕಲಾ ಯೋಜನೆಯಲ್ಲಿ ಸುಮಾರು 3,700 ಕಲಾವಿದರು 15,000ಕ್ಕೂ ಹೆಚ್ಚು ಕೃತಿಗಳನ್ನು ಮಾಡಿದರು. ಅವರಲ್ಲಿ ಮೇನಾರ್ಡ್ ಡಿಕ್ಸನ್ ಒಬ್ಬರು. ಮರುಭೂಮಿಯಲ್ಲಿ ಹೂವರ್ ಅಣೆಕಟ್ಟು ಕಟ್ಟುತ್ತಿದ್ದಾಗ 1934ರಲ್ಲಿ ಅಲ್ಲಿಗೆ ಹೋಗಿ ಕಾಮಗಾರಿಯ ಚಿತ್ರ ಬರೆದರು. ಪಾಬ್ಲಿಟಾ ವೆಲಾರ್ಡೆ ಎಂಬ ಪ್ಯೂಬ್ಲೊ ಆದಿವಾಸಿ ಯುವತಿ ನ್ಯೂ ಮೆಕ್ಸಿಕೊದ ಬ್ಯಾಂಡಲಿಯರ್‌ಗಾಗಿ ತನ್ನ ಜನರ ಅಡುಗೆ, ಬೇಸಾಯ, ಹಬ್ಬಗಳನ್ನು 70ಕ್ಕೂ ಹೆಚ್ಚು ಚಿತ್ರಗಳಲ್ಲಿ ದಾಖಲಿಸಿದರು. ಮುಂದೆ ಅವರು ದೇಶದಲ್ಲೇ ಹೆಸರಾದ ಕಲಾವಿದೆಯಾದರು.

ಖರ್ಚಿನ ಪಟ್ಟಿ ಹಾಕಿ ನೋಡಿ. ರಸ್ತೆಗೆ ಜಲ್ಲಿ, ಡಾಂಬರು, ಯಂತ್ರ ಬೇಕು. ಚಿತ್ರಕ್ಕೆ ಬಣ್ಣ, ಕುಂಚ, ಕಾಗದ, ಉಳಿದದ್ದೆಲ್ಲ ಕೂಲಿ. ಉದ್ಯೋಗ ಕೊಡುವುದೇ ಉದ್ದೇಶವಾದರೆ ಚಿತ್ರ ದಂಡದ ಖರ್ಚಲ್ಲ.

ಇನ್ನೊಂದು ಲಾಭ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ನನ್ನ ಚಾಚಾ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಚೆನ್ನಾಗಿ ಬರೆಯುತ್ತಾರೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು, ಈಗ ಗೋಡೌನ್‌ನಲ್ಲಿ ಲೋಡಿಂಗ್ ಮಾಡುತ್ತಾರೆ. ಮನೆ ನಡೆಯುತ್ತಿದೆ, ಆದರೆ ಕೈ ಹೋಗುತ್ತಿದೆ ಎಂದು ಅವರೇ ಹೇಳುತ್ತಾರೆ. ಯಂತ್ರ ಸುಮ್ಮನೆ ನಿಂತರೂ ನಾವು ಸವಕಳಿ ಬರೆಯುತ್ತೇವೆ. ಕೌಶಲಕ್ಕೆ ಅಂಥ ಖಾತೆ ಇಲ್ಲ. ಚಿತ್ರಕಾರನಿಗೆ ಗುದ್ದಲಿಯ ಬದಲು ಕುಂಚವನ್ನೇ ಕೊಟ್ಟ ಯೋಜನೆ ಆ ಸವಕಳಿಯನ್ನು ತಡೆಯಿತು.

ಹೊರಗುಳಿದವರು

ಈ ಯೋಜನೆಗಳಲ್ಲಿ ನ್ಯೂನತೆಗಳೂ ಇದ್ದವು. ಸಿಸಿಸಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಕಪ್ಪು ಜನಾಂಗದ ಯುವಕರನ್ನು ಹೆಚ್ಚಾಗಿ ಬೇರೆ ಶಿಬಿರಗಳಲ್ಲಿ ಇಡುತ್ತಿದ್ದರು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಸಿಸಿಸಿ ಸುಮಾರು 800 ಕಿ.ಮೀ. ರಸ್ತೆ ಸಮತಟ್ಟು ಮಾಡಿತು, 76 ಕಟ್ಟಡ ಕಟ್ಟಿತು, ನೀರು ಮತ್ತು ಟೆಲಿಫೋನ್ ಸಾಲು ಎಳೆಯಿತು. ಅಲ್ಲಿನ ಶೊಶೋನಿ ಆದಿವಾಸಿಗಳಿಗೂ ಅಡೋಬಿ ಮನೆಗಳನ್ನು ಕಟ್ಟಿಕೊಟ್ಟರು. ಆದರೆ ಅವರು ತಲೆಮಾರುಗಳಿಂದ ಬಾಳಿದ ನೆಲ 1933ರಲ್ಲೇ ಸರ್ಕಾರದ ಸಂರಕ್ಷಿತ ಪ್ರದೇಶವಾಗಿತ್ತು. ಅವರಿಗೆ 7,500 ಎಕರೆಗೂ ಹೆಚ್ಚು ಭೂಮಿ ಕೊಡುವ ಕಾನೂನು ಆದದ್ದು 2000ನೇ ಇಸವಿಯಲ್ಲಿ. ಮನೆ ಸಿಕ್ಕಿದ ಎಷ್ಟೋ ವರ್ಷಗಳ ನಂತರ ಭೂಮಿ ಸಿಕ್ಕಿತು. ಆದ್ದರಿಂದ ಪರಿಹಾರ ಕಾಮಗಾರಿಯನ್ನು ಅಳೆಯುವಾಗ ಮೂರು ಪ್ರಶ್ನೆ ಕೇಳಬೇಕು: ಕೂಲಿ ಯಾರಿಗೆ ಹೋಯಿತು, ಕೌಶಲ ಉಳಿಯಿತೇ, ಕಟ್ಟಿದ್ದು ಯಾರ ಬಳಕೆಗೆ ಬಂತು.

ಚರ್ಚೆಗೆ

1. ನಿಮ್ಮ ಊರಿನಲ್ಲಿ ಬರಗಾಲದ ಕಾಮಗಾರಿಯಲ್ಲೋ ಉದ್ಯೋಗ ಖಾತರಿಯಲ್ಲೋ ಆದ ಒಂದು ಕೆರೆ ಅಥವಾ ರಸ್ತೆಯನ್ನು ಹಿರಿಯರನ್ನು ಕೇಳಿ ಗುರುತಿಸಿ. ಅದು ಈಗ ಯಾರ ಬಳಕೆಯಲ್ಲಿದೆ?

2. ರಾಜಸ್ಥಾನದ ಮರುಭೂಮಿಯಲ್ಲಿ ಜೋಧ್‌ಪುರದ ಮಹಾರಾಜರು 1929ರಲ್ಲಿ ಬರ ಪರಿಹಾರವಾಗಿ ಉಮೈದ್ ಭವನ ಅರಮನೆ ಕಟ್ಟಿಸಲು ಆರಂಭಿಸಿದರು. ಸಾವಿರಾರು ಜನರಿಗೆ ವರ್ಷಗಟ್ಟಲೆ ಕೂಲಿ ಸಿಕ್ಕಿತು. ಇಂದು ಅದರ ಒಂದು ಭಾಗ ರಾಜಮನೆತನದ ವಾಸ, ಒಂದು ಭಾಗ ಐಷಾರಾಮಿ ಹೋಟೆಲ್, ಒಂದು ಭಾಗ ವಸ್ತುಸಂಗ್ರಹಾಲಯ. ಮೇಲಿನ ಮೂರು ಪ್ರಶ್ನೆಗಳನ್ನು ಇದಕ್ಕೂ ಕೇಳಿ, ನಿಮ್ಮ ಉತ್ತರ ಬರೆಯಿರಿ.