ಮಲಾವಿಗೆ ಹೊರಟ ಅಳಿಯನಿಗೆ

ಅಳಿಯಾ, ಬ್ಲಾಂಟೈರಿನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದ್ದು ಸಂತೋಷ. ಆಫ್ರಿಕಾ ಎಂದೊಡನೆ ನಿನ್ನಮ್ಮ ಸಿಂಹ, ಹೆಬ್ಬಾವು, ಎಬೋಲಾ ಎಂದು ಹೆದರಿ ಕೂತಿದ್ದಾಳೆ. ನನಗೆ ಅವುಗಳ ಚಿಂತೆಯಿಲ್ಲ. ಆರೋಗ್ಯ ಇಲಾಖೆಯಲ್ಲಿದ್ದು ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆದವನು ನಾನು. ನನಗೆ ಹೆದರಿಕೆ ನಿನ್ನ ಧೈರ್ಯದ್ದೇ. "ಮಲೇರಿಯಾವಾ ಮಾವ? ಮಂಗಳೂರಲ್ಲಿ ಓದುವಾಗ ಬಂದಿತ್ತಲ್ಲ, ಮಾತ್ರೆ ತಿಂದು ಎದ್ದೆ" ಅಂದೆಯಲ್ಲ, ಆ ಧೈರ್ಯ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಬಗೆಯ ಮಲೇರಿಯಾ. ಮಲಾವಿಯದು ಬಹುಪಾಲು ಫಾಲ್ಸಿಪರಂ. ಅದು ಹೊಕ್ಕ ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳಿಗೆ, ಮೂತ್ರಪಿಂಡಕ್ಕೆ ರಕ್ತ ಹೋಗುವ ದಾರಿಯೇ ಕಟ್ಟುತ್ತದೆ. ಜ್ವರ ಹಿಡಿದು ಎರಡು ಮೂರು ದಿನದಲ್ಲೇ ಪ್ರಾಣಕ್ಕೆ ಬರಬಹುದು. ಚಿಕ್ಕಂದಿನಿಂದ ಅದರ ನಡುವೆಯೇ ಬೆಳೆದ ಅಲ್ಲಿನ ದೊಡ್ಡವರಿಗೆ ಒಂದಿಷ್ಟು ತಾಳುವ ಶಕ್ತಿ ಬಂದಿರುತ್ತದೆ, ನಿನಗಿಲ್ಲ. ಜೊತೆಯವನು ಜ್ವರದಲ್ಲೇ ಕೆಲಸಕ್ಕೆ ಬಂದನೆಂದು ನೀನೂ ಹೋಗಬೇಡ. ಮೈ ಬಿಸಿಯಾದ ದಿನವೇ ರಕ್ತ ಪರೀಕ್ಷೆ ಮಾಡಿಸು. ಅಲ್ಲಿನ ಸೊಳ್ಳೆ ಮುಖ್ಯವಾಗಿ ಕಚ್ಚುವುದು ರಾತ್ರಿ, ಹಾಗಾಗಿ ಔಷಧ ಸವರಿದ ಪರದೆ ಕಟ್ಟದೆ ಮಲಗಬಾರದು. ತಡೆಮಾತ್ರೆಯನ್ನು ಹೊರಡುವ ಮೊದಲೇ ಶುರು ಮಾಡಬೇಕು. ಡಾಕ್ಸಿಸೈಕ್ಲಿನ್ ಆದರೆ ಅಲ್ಲಿಂದ ಹೊರಟ ಮೇಲೂ 4 ವಾರ ನುಂಗಬೇಕು. ದೀರ್ಘಕಾಲ ಇರುವವನಿಗೆ ಯಾವುದು ಸರಿ ಎಂದು ಡಾಕ್ಟರೇ ಹೇಳಲಿ, ಮೆಡಿಕಲ್ ಶಾಪಿನವರಲ್ಲ.

ಇನ್ನು ನಿನ್ನ ಈಜು. ಹದಿನೆಂಟು ಬಸದಿ, ಹದಿನೆಂಟು ಕೆರೆಯ ಮೂಡುಬಿದಿರೆಯ ಹುಡುಗ, ನೀರು ಕಂಡರೆ ಅಂಗಿ ಬಿಚ್ಚುತ್ತೀ. ಮಲಾವಿ ಸರೋವರ ಕಡಲಿನಷ್ಟು ವಿಶಾಲ, ಕನ್ನಡಿಯಂಥ ನೀರು. ಅದರ ದಡದ ಬಸವನಹುಳುಗಳೊಳಗೆ ಬಿಲ್ಹಾರ್ಜಿಯಾ ಎಂಬ ರೋಗದ ಹುಳ ಬೆಳೆಯುತ್ತದೆ. ಅಲ್ಲಿಂದ ನೀರಿಗಿಳಿದು, ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಹೋಗುತ್ತದೆ. ತಿಂಗಳುಗಳ ಮೇಲೆ ಮೂತ್ರದಲ್ಲಿ ರಕ್ತ ಕಂಡಾಗಲಷ್ಟೇ ಕೆಲವರಿಗೆ ಗೊತ್ತಾಗುವುದು. ಪ್ರಾಜಿಕ್ವಾಂಟೆಲ್ ಮಾತ್ರೆಗೆ ಗುಣವಾಗುತ್ತದೆ, ಆದರೆ ಇದೆಯೆಂದು ತಿಳಿಯಬೇಕಲ್ಲ! ಕ್ಲೋರಿನ್ ಹಾಕಿದ ಈಜುಕೊಳವಿದ್ದರೆ ಅಲ್ಲಿ ಎಷ್ಟು ಬೇಕಾದರೂ ಹಾರು.

ಹುಲ್ಲಿನಲ್ಲಿ ಬರಿಗಾಲಲ್ಲಿ ನಡೆಯುವ ಚಟವೂ ನಿನಗಿದೆ. ಉಣ್ಣೆ ಕಚ್ಚಿದರೆ ಏನಾಗುತ್ತದೆಂದು ಪಕ್ಕದ ಬೆಳ್ತಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. 1983ರಲ್ಲಿ ನಿಡ್ಲೆಯ ಕಡೆ ಮಂಗನ ಕಾಯಿಲೆ ಎದ್ದಾಗ ಸತ್ತವರೂ ಬಹಳ. ಕಾಡು ಕಡಿದದ್ದೇ ಕಾರಣ ಎಂದು ತಿಳಿದವರು ಹೇಳಿದರು. ದಕ್ಷಿಣ ಆಫ್ರಿಕಾ ಭಾಗದ ಉಣ್ಣೆಜ್ವರ ಅಷ್ಟು ಕ್ರೂರಿಯಲ್ಲ. ಕಚ್ಚಿದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ, ತಲೆ ಸಿಡಿಯುತ್ತದೆ, ಔಷಧಕ್ಕೆ ಬಗ್ಗುತ್ತದೆ. ಹೊರಗೆ ಒಣಗಿಸಿದ ಬಟ್ಟೆಗೆ ಇಸ್ತ್ರಿ ಹಾಕದೆ ತೊಡಬೇಡ. ಪುಟ್ಸಿ ನೊಣ ಅದರಲ್ಲಿ ಮೊಟ್ಟೆಯಿಟ್ಟರೆ ಮರಿಹುಳ ಚರ್ಮದೊಳಗೆ ಬೆಳೆಯುತ್ತದೆ. ಒಳಚಡ್ಡಿಗೂ ಇಸ್ತ್ರಿ, ನಗಬೇಡ.

ನೀರು ಕುದಿಸಿ ಕುಡಿಯುವುದು ನಿನಗೆ ಗೊತ್ತು. 2022ರಲ್ಲಿ ಶುರುವಾದ ಕಾಲರಾ ಮಲಾವಿಯಲ್ಲಿ 1,700ಕ್ಕೂ ಹೆಚ್ಚು ಜನರನ್ನು ಕೊಂಡೊಯ್ಯಿತು. ನಿನ್ನಮ್ಮನೆದುರು ಹೇಳಲಾಗದ್ದು ಇನ್ನೊಂದಿದೆ: ಅಲ್ಲಿ ಎಚ್‌ಐವಿ ನಮ್ಮಲ್ಲಿಗಿಂತ ಬಹಳ ಹೆಚ್ಚು. ನೀನು ದೊಡ್ಡವನು, ಕಾಂಡೋಮಿನ ವಿಷಯ ಬಿಡಿಸಿ ಹೇಳುವುದಿಲ್ಲ.

ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ ಇಲ್ಲಿನ ಡಾಕ್ಟರು ಡೆಂಗಿ, ಇಲಿಜ್ವರ ಎಂದೇ ಎಣಿಸುವರು. ಅವರು ಕೇಳುವ ಮೊದಲೇ "ಮಲಾವಿಯಿಂದ ಬಂದಿದ್ದೇನೆ" ಎನ್ನು. ಹಿಂದಿರುಗಿ ವಾರಗಳು, ತಿಂಗಳುಗಳು ಕಳೆದಿದ್ದರೂ ಹೇಳು.

ನಿನ್ನ ವಿಮಾನ ಅಡಿಸ್ ಅಬಾಬಾ ಮೂಲಕ ತಾನೇ? ಇಥಿಯೋಪಿಯ ಹಳದಿ ಜ್ವರದ ದೇಶ, ಹಾಗಾಗಿ ಲಸಿಕೆಯ ಸರ್ಟಿಫಿಕೇಟ್ ಕೇಳಬಹುದು. ಲಸಿಕೆ ಹಾಕಿಸಿ 10 ದಿನವಾದ ಮೇಲಷ್ಟೇ ಸರ್ಟಿಫಿಕೇಟಿಗೆ ಬೆಲೆ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಅವರು ಕೆಲವು ದಿನ ಮಾತ್ರ ಕೊಡುತ್ತಾರೆ. ಸೋಮವಾರವೇ ಫೋನ್ ಮಾಡಿ ಕೇಳು.