ಸನ್‌ರೂಫ್ ನೀರಿಗೆ ದಾರಿ ಬಿಡಿ

ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಮೊದಲ ಗುಡುಗು ಮಳೆ ಬಿದ್ದ ಮರುದಿನ ಬನಶಂಕರಿಯ ನಮ್ಮ ಸಣ್ಣ ಗ್ಯಾರೇಜಿಗೆ ಒಂದೇ ಥರದ ಫೋನುಗಳು ಬರುತ್ತವೆ. "ಕಾರೊಳಗೆ ನೀರು ನಿಂತಿದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ." ವಿಚಾರಿಸಿದರೆ ಬಹುಪಾಲು ಸನ್‌ರೂಫ್ ಇರುವ, ಎಂಟು–ಹತ್ತು ವರ್ಷ ಓಡಿದ ಗಾಡಿ. ಹಿಂದೆ ಸನ್‌ರೂಫ್ ಎಂದರೆ ಶ್ರೀಮಂತರ ಕಾರು ಎಂದೇ ಲೆಕ್ಕ. 2014ರ ಹೊಂಡಾ ಸಿಟಿ, 2015ರ ಎಕ್ಸ್‌ಯುವಿ 500 ಇವುಗಳ ಮೇಲಿನ ಮಾಡೆಲ್‌ಗಳಲ್ಲಿ ಅದು ಬಂದ ಮೇಲೆ ಜಯನಗರ, ಜೆ.ಪಿ. ನಗರದ ಮಧ್ಯಮವರ್ಗದ ಮನೆಗಳ ಮುಂದೂ ಅಂಥ ಕಾರುಗಳು ನಿಂತವು. ಈಗ ಅವಕ್ಕೆಲ್ಲ ವಯಸ್ಸಾಗಿದೆ. ಯಾವ ಕಂಪನಿಯ ಗಾಡಿಯಾದರೂ ನೀರಿನ ಕತೆ ಒಂದೇ. ಈ ಕೆಲಸವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಗಿರಾಕಿಗಳ ಗಾಡಿಗಳೇ ಕಲಿಸಿದವು. ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

1. ಸನ್‌ರೂಫಿನೊಳಕ್ಕೆ ನೀರು ಬಂದೇ ಬರುತ್ತದೆ

ಶುರುವಿನಲ್ಲಿ ನನಗೆ ಇಷ್ಟೂ ಗೊತ್ತಿರಲಿಲ್ಲ. ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಸವೆದು ನೀರು ಇಳಿಯುತ್ತಿದೆ ಎಂದುಕೊಂಡು, ಒಬ್ಬ ಹಿರಿಯರ ಗಾಡಿಗೆ ಸುತ್ತಲೂ ಸಿಲಿಕೋನ್ ಪೇಸ್ಟ್ ಬಳಿದುಬಿಟ್ಟೆ. ಮುಂದಿನ ಮಳೆಗೆ ಸೋರಲಿಲ್ಲ, ನನಗೂ ಸಮಾಧಾನವಾಯಿತು. ಆಮೇಲೆ ಅವರ ಮೊಮ್ಮಗ ಸನ್‌ರೂಫ್ ತೆಗೆಯಲು ಸ್ವಿಚ್ ಒತ್ತಿದ್ದಾನೆ. ಅಂಟಿಕೊಂಡಿದ್ದ ಗಾಜು ಎದ್ದು ಬರುವಾಗ ಬೀಡಿಂಗನ್ನೂ ಕಿತ್ತುಕೊಂಡು ಬಂತು. ಬೀಡಿಂಗ್ ಹೊಸದು ಹಾಕಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಹೊಸ ಬೀಡಿಂಗ್ ಹಾಕಿದ ಮೇಲೂ ನೀರು ಮೊದಲಿನಂತೆಯೇ ಒಳಗಿಳಿಯಿತು.

ಆಗ ಗಾಜು ಪೂರ್ತಿ ಹಿಂದೆ ಸರಿಸಿ ನೋಡಿದೆ. ಬೀಡಿಂಗ್ ದಾಟಿ ಬರುವ ನೀರಿಗಾಗಿಯೇ ಗಾಜಿನ ಸುತ್ತ ಕೆಳಗೆ ಒಂದು ತಟ್ಟೆ ಇರುತ್ತದೆ. ಅದರ ನಾಲ್ಕು ಮೂಲೆಗೆ ನಾಲ್ಕು ತೂತು, ಒಂದೊಂದಕ್ಕೂ ಕಿರುಬೆರಳಿಗಿಂತ ಸಣ್ಣ ಪೈಪು. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್‌ಗಳೊಳಗೆ ಇಳಿದು ಮುಂದಿನ ಬಾಗಿಲ ಕೀಲಿನ ಹತ್ತಿರವೋ ಫೆಂಡರ್ ಒಳಗೋ ಹೊರಬೀಳುತ್ತವೆ. ಹಿಂದಿನ ಎರಡು ಹಿಂಬದಿ ಪಿಲ್ಲರ್‌ಗಳಲ್ಲಿ ಇಳಿದು ಹಿಂದಿನ ಚಕ್ರದ ಬಳಿಯೋ ಬಂಪರ್ ಮರೆಯಲ್ಲೋ ತೆರೆದುಕೊಳ್ಳುತ್ತವೆ. ನಮ್ಮ ಕಡೆಯ ಮೋಲ್ಡಿಂಗ್ ಮನೆಯ ತಾರಸಿ ಹೇಗೋ ಇದೂ ಹಾಗೆಯೇ: ತಾರಸಿಯ ಮೇಲೆ ಮಳೆ ಬೀಳಬಾರದು ಎಂದು ಯಾರೂ ಹಟ ಹಿಡಿಯುವುದಿಲ್ಲ, ಮೂಲೆಯ ಪೈಪಿನ ಬಾಯಿಗೆ ಎಲೆ ಕೂತಿದೆಯೇ ಎಂದು ನೋಡುತ್ತಾರೆ.

2. ಯಾವಾಗ ಒದ್ದೆಯಾಯಿತು ಎಂದು ಮೊದಲು ಕೇಳಿ

ಜೆ.ಪಿ. ನಗರದಿಂದ ಬಂದಿದ್ದ ಒಬ್ಬ ಮೇಡಂ, "ಎಡಗಡೆ ಮುಂದೆ ಕಾಲಿಡುವ ಜಾಗ ಸದಾ ಒದ್ದೆ" ಎಂದರು. ಸನ್‌ರೂಫ್ ಪೈಪೇ ಇರಬೇಕೆಂದು ಅರ್ಧ ದಿನ ಲೈನಿಂಗ್ ಬಿಚ್ಚಿದೆ. ಪೈಪುಗಳು ಚೊಕ್ಕಟವಾಗಿದ್ದವು. ಮಳೆ ಬಂದು ಬಹಳ ದಿನವಾಗಿತ್ತು ಎಂಬುದು ಆಮೇಲೆ ಹೊಳೆಯಿತು. ಅಲ್ಲಿ ಕಟ್ಟಿಕೊಂಡಿದ್ದದ್ದು ಎಸಿ ನೀರಿನ ಪೈಪು. ಮಳೆಯಿಲ್ಲದ ದಿನ, ಎಸಿ ಹಾಕಿಕೊಂಡು ಓಡಿಸಿದ ಮೇಲೆ ಒದ್ದೆಯಾದರೆ ಅನುಮಾನ ಎಸಿ ಕಡೆಗೆ ಹೋಗಬೇಕು. ಮಳೆಯಲ್ಲಿ ನಿಂತ ಮೇಲೆ ರೂಫ್ ಲೈನಿಂಗಿನ ಮೂಲೆಯಲ್ಲಿ, ಪಿಲ್ಲರ್ ಮೇಲ್ತುದಿಯಲ್ಲಿ ಕಂದು ಕಲೆ ಕಂಡರೆ ಸನ್‌ರೂಫ್. ಮೇಲೆ ಕಲೆ ಇಲ್ಲದೆ ಕೆಳಗೆ ಮಾತ್ರ ನೀರಿದ್ದರೆ ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿದೆಯೇ, ಬಾಗಿಲ ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಂಡಿದೆಯೇ ಎಂದೂ ನೋಡಬೇಕು. ಮುಂದಿನ ಪೈಪು ಪಿಲ್ಲರ್‌ನ ಕೆಳಭಾಗದಲ್ಲಿ ಕಳಚಿಕೊಂಡಿದ್ದರೂ ಮೇಲೆ ಕಲೆ ಬೀಳುವುದಿಲ್ಲ, ಅದನ್ನೂ ಮರೆಯಬಾರದು.

3. ಕಂಪ್ರೆಸರ್ ಗಾಳಿ ಬೇಡ, ಕಬ್ಬಿಣದ ತಂತಿಯೂ ಬೇಡ

ಈ ಪಾಠಕ್ಕೆ ನಾನು ತೆತ್ತದ್ದು ಹೆಚ್ಚು. ಕಟ್ಟಿಕೊಂಡ ಪೈಪಿಗೆ ಮೇಲಿನಿಂದ ಟೈರಿಗೆ ಹೊಡೆಯುವ ಗಾಳಿಯನ್ನೇ ಬಿಟ್ಟೆ. ಟಪ್ ಎಂದು ಸದ್ದು ಬಂತು, ಕಸ ಹಾರಿತು ಎಂದುಕೊಂಡೆ. ಹಾರಿದ್ದು ಪೈಪು. ತಟ್ಟೆಯ ನಿಪ್ಪಲ್‌ಗೆ ಸಿಕ್ಕಿಸಿರುವ ಪೈಪಿಗೆ ಕ್ಲಿಪ್ಪೂ ಇರಲಿಲ್ಲ. ಆವತ್ತು ಸಂಜೆಯ ಮಳೆಗೆ ಆ ಮೂಲೆಯ ನೀರೆಲ್ಲ ನೇರ ರೂಫ್ ಲೈನಿಂಗ್ ಮೇಲೆ ಸುರಿಯಿತು. ಮೊದಲು ಹನಿಹನಿಯಾಗಿ ಸೋರುತ್ತಿದ್ದ ಗಾಡಿ ನನ್ನ ಕೈಗೆ ಬಂದ ಮೇಲೆ ಧಾರೆಯಾಗಿ ಸೋರಿತು. ಇಡೀ ಲೈನಿಂಗ್ ಇಳಿಸಿ ಪೈಪು ಮತ್ತೆ ಕೂರಿಸಬೇಕಾಯಿತು. ಇನ್ನೊಂದು ಗಾಡಿಗೆ ಸೆಂಟ್ರಿಂಗ್ ಕೆಲಸದ ಕಟ್ಟುತಂತಿ ತೂರಿಸಿ ಪೈಪಿನ ತಿರುವಿನಲ್ಲಿ ತೂತು ಮಾಡಿದ್ದೂ ಉಂಟು.

ಈಗ ನಾನು ಬಳಸುವುದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರ. ತುದಿಯನ್ನು ಲೈಟರಿನಿಂದ ಕರಗಿಸಿ ಗುಂಡಗೆ ಮಾಡಿಕೊಂಡರೆ ಪೈಪು ಗೀರುವುದಿಲ್ಲ. ಮೊದಲು ತಟ್ಟೆಯ ಮೂಲೆಯ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ನಾವೇ ಅದನ್ನು ಪೈಪಿನೊಳಕ್ಕೆ ತಳ್ಳಿದಂತಾಗುತ್ತದೆ. ದಾರವನ್ನು ತಿರುಗಿಸುತ್ತಾ ನಿಧಾನ ಬಿಡಬೇಕು, ತಡೆದರೆ ಒತ್ತಬಾರದು, ಹಿಂದೆಳೆದು ಮತ್ತೆ ಬಿಡಬೇಕು. ಆಮೇಲೆ ಅರ್ಧ ಲೋಟ ನೀರು. ಒಬ್ಬರು ಮೇಲೆ ಹುಯ್ಯಬೇಕು, ಇನ್ನೊಬ್ಬರು ಕೆಳಗೆ ಬಗ್ಗಿ ನೋಡಬೇಕು. "ಅಣ್ಣಾ, ಬಂತು, ಆದ್ರೆ ಕಪ್ಪಗೆ ಬರ್ತಿದೆ" ಎಂದು ನಮ್ಮ ಹುಡುಗ ಕೂಗಿದರೆ ಇನ್ನೊಂದು ಲೋಟ ಹಾಕುತ್ತೇನೆ. ತಿಳಿ ನೀರು ಬರುವವರೆಗೆ ಬಿಡುವುದಿಲ್ಲ.

4. ಕೆಳತುದಿಯ ರಬ್ಬರ್ ಬಾಯಿ

ಎಷ್ಟೋ ಗಾಡಿಗಳಲ್ಲಿ ಪೈಪಿನ ಕೆಳತುದಿಗೆ ಸೀಳಿದ ರಬ್ಬರ್ ಮೂತಿ ಇರುತ್ತದೆ. ಧೂಳು, ಹುಳ ಒಳಗೆ ಹತ್ತದಿರಲಿ ಎಂದು ಇಟ್ಟದ್ದು. ಮೇಲಿನ ಕೆಸರೆಲ್ಲ ಬಂದು ಅಲ್ಲೇ ಗಟ್ಟಿಯಾಗುತ್ತದೆ. ಮೇಲಿನಿಂದ ಎಷ್ಟು ದಾರ ಆಡಿಸಿದರೂ ನೀರು ಇಳಿಯದಿದ್ದರೆ ಫೆಂಡರ್ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ಆ ಮೂತಿಯನ್ನು ಬೆರಳಲ್ಲಿ ಹಿಸುಕಿ ನೋಡಿ.

5. ಮೇಲೆ ಒಣಗಿದ ಮ್ಯಾಟಿಂಗ್ ನಂಬಬೇಡಿ

ದಾರಿ ಬಿಡಿಸಿದ್ದಾಯಿತು, ಮ್ಯಾಟಿಂಗ್ ಬಿಸಿಲಿಗೆ ಒಣಗಿತು ಎಂದು ಗಾಡಿ ಕೊಟ್ಟು ಕಳಿಸುತ್ತಿದ್ದೆ. ಕೆಲವು ತಿಂಗಳಿಗೆ ಅದೇ ಗಾಡಿ ಏರ್‌ಬ್ಯಾಗ್ ದೀಪ ಉರಿಸಿಕೊಂಡು ವಾಪಸ್. ಮ್ಯಾಟಿಂಗ್ ಅಡಿಯಲ್ಲಿ ದಪ್ಪ ಸ್ಪಂಜು ಇರುತ್ತದೆ, ಅದು ಕುಡಿದ ನೀರನ್ನು ಬಿಡುವುದಿಲ್ಲ. ಸೀಟಿನ ಕೆಳಗೆ ಅದರ ಮೇಲೇ ವೈರಿಂಗ್ ಹಾದುಹೋಗಿರುತ್ತದೆ. ಆ ಗಾಡಿಯ ಹಳದಿ ಕಪ್ಲರ್ ಬಿಚ್ಚಿದಾಗ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಉಪ್ಪಿನಂತೆ ಕೂತಿತ್ತು. ಏರ್‌ಬ್ಯಾಗಿನ ಹಳದಿ ಕಪ್ಲರ್ ಮುಟ್ಟುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದು, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಇದರಲ್ಲಿ ಅವಸರ ಸಲ್ಲ.

ಈಗ ನೀರು ನಿಂತ ಗಾಡಿಯ ಸೀಟು ಇಳಿಸಿ, ಮ್ಯಾಟಿಂಗ್ ಎತ್ತಿ, ಸ್ಪಂಜು ಒತ್ತಿದರೆ ಕೈ ಒದ್ದೆಯಾಗದಷ್ಟು ಒಣಗುವವರೆಗೆ ಫ್ಯಾನ್ ಹಾಕಿ ಬಿಡುತ್ತೇನೆ. ಗಿರಾಕಿಗೆ ದಿನಗಳ ಲೆಕ್ಕ ಬೇಸರ ತರುತ್ತದೆ, ಖರ್ಚೂ ಏರುತ್ತದೆ. ಆದರೂ ತಳದ ತಗಡಿಗೆ ತುಕ್ಕು ಹಿಡಿದರೆ ಆಗುವ ಟಿಂಕರಿಂಗ್ ಕೆಲಸದ ಮುಂದೆ ಇದು ಏನೂ ಅಲ್ಲ. ಹಳೆ ಗಾಡಿ ಕೊಳ್ಳುವವರೂ ಎಂಜಿನ್ ಸದ್ದು ಕೇಳುವ ಮೊದಲು ಮ್ಯಾಟಿಂಗ್ ಅಡಿಗೆ ಕೈ ಹಾಕಿ ಒತ್ತಿ ನೋಡಲಿ.

6. ಇಳಿಜಾರಿನಲ್ಲಿ ನಿಂತ ಗಾಡಿಗೆ ಎರಡೇ ಪೈಪು

ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ನೀರೆಲ್ಲ ಹಿಂದಿನ ಮೂಲೆಗೆ ಹರಿದು, ಅವು ಕಟ್ಟಿಕೊಂಡಿದ್ದರೆ ಡಿಕ್ಕಿ ತುಂಬುತ್ತದೆ. ಮೂತಿ ಕೆಳಗಾದರೆ ಮುಂದಿನ ಸೀಟು. ಪದ್ಮನಾಭನಗರ, ಬನಶಂಕರಿಯ ಏರು ರಸ್ತೆಗಳ ಗಾಡಿಗಳಿಗೆ ಮನೆ ಮುಂದೆ ಹೇಗೆ ನಿಲ್ಲಿಸುತ್ತೀರಿ ಎಂದೇ ಮೊದಲು ಕೇಳುತ್ತೇನೆ. ಸಮತಟ್ಟು ಗ್ಯಾರೇಜಿನಲ್ಲಿ ಪರೀಕ್ಷೆ ಪಾಸಾದ ಗಾಡಿ ಅವರ ಗೇಟಿನ ಮುಂದೆ ಸೋರಿದ್ದು ನೋಡಿದ್ದೇನೆ.

7. ಮರದ ಕಾಲ ನೋಡಿ ಕೆಲಸ ಇಟ್ಟುಕೊಳ್ಳಿ

ಪೈಪಿನಿಂದ ಹೊರಬಂದ ಕಸವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದರೆ ಗಾಡಿ ಯಾವ ಮರದ ಕೆಳಗೆ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಅಗಲ ಎಲೆ ಮೇಲೇ ಉಳಿಯುತ್ತದೆ, ಒಳಗೆ ಹೋಗುವುದಿಲ್ಲ. ಕಟ್ಟುವುದು ಗುಲ್‌ಮೊಹರ್‌ನ ಹುಣಸೆ ಎಲೆಯಂಥ ಪುಟ್ಟ ಎಲೆಗಳು, ಮಳೆಮರದ ಹೂವಿನ ಎಳೆಗಳು, ಯುಗಾದಿ ಹೊತ್ತಿನಿಂದ ಉದುರುವ ಹೊಂಗೆ ಹೂವಿನ ಚೂರುಗಳು. ಇವು ಧೂಳಿನ ಜತೆ ಸೇರಿ ಮೊದಲ ಮಳೆಗೆ ಗಸಿಯಾಗುತ್ತವೆ. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ ಒಮ್ಮೆ, ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್–ಅಕ್ಟೋಬರ್‌ಗೆ ಮುಂಚೆ ಇನ್ನೊಮ್ಮೆ ಮೂಲೆ ಒರೆಸಿ ನೀರು ಬಿಟ್ಟು ನೋಡಿದರೆ ಸಾಕು. ಮನೆಯಲ್ಲೇ ಆಗುವ ಕೆಲಸ, ಇದಕ್ಕೆ ನನ್ನ ಹತ್ತಿರ ಬರಬೇಕಾಗಿಲ್ಲ.

ಗಾಡಿಯ ನೀರಿಗೆ ಬೇಸತ್ತು, ಮನೆ ಮುಂದಿನ ಮರದ ಕೊಂಬೆಯನ್ನೇ ಕಡಿಸಿಬಿಡುತ್ತೇವೆ ಎನ್ನುವವರು ಆಗಾಗ ಸಿಗುತ್ತಾರೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಮುಂದೆ ನಿಂತು ಈ ಊರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ನಮ್ಮ ಎಷ್ಟೋ ರಸ್ತೆಗಳ ನೆರಳು ಅವರು ಕೊಟ್ಟದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವಂತೆಯೂ ಇಲ್ಲ. ದಯವಿಟ್ಟು ಮರದ ತಂಟೆಗೆ ಹೋಗಬೇಡಿ. ಒಂದು ಬಟ್ಟೆ, ಪೈಪಿನುದ್ದದ ನೈಲಾನ್ ದಾರ, ಒಂದು ಲೋಟ ನೀರು ಇಟ್ಟುಕೊಂಡು ಒಂದು ಭಾನುವಾರ ಬೆಳಿಗ್ಗೆ ಸನ್‌ರೂಫ್ ತೆರೆದು ಕೂರಿ. ಆಗದಿದ್ದರೆ ಗಾಡಿ ತನ್ನಿ, ನೋಡೋಣ.